ವಿಮಾನವಾಹಿತ ರೇಡಾರ್: ನೆಲ-ಕಡಲ ಕಣ್ಗಾವಲು

ವಿಮಾನ, ಹೆಲಿಕಾಪ್ಟರ್ ಅಥವಾ ಡ್ರೋನ್‌ನಿಂದ ರೇಡಿಯೊ ಅಲೆಗಳನ್ನು ಕೆಳಕ್ಕೆ ಬಿಟ್ಟು, ಮರಳಿದ ಅಲೆಗಳಿಂದ ಹಡಗು, ವಾಹನ, ಕಟ್ಟಡಗಳನ್ನು ಗುರುತಿಸುವ ಸಾಧನ. ಇದು ಕತ್ತಲಲ್ಲೂ ಮೋಡ ಕವಿದಾಗಲೂ ಕೆಲಸ ಮಾಡುತ್ತದೆ.

ಕಾಣುವ ಬಗೆ: ಸವದತ್ತಿಯ ರೇಣುಕಾಸಾಗರದ ಮೇಲೆ ಓರೆಯಾಗಿ ಅಲೆ ಬಿಟ್ಟರೆ ನಿಂತ ನೀರು ಅದನ್ನು ಕನ್ನಡಿಯಂತೆ ಅತ್ತ ಚಿಮ್ಮಿಸುತ್ತದೆ, ಚಿತ್ರದಲ್ಲಿ ಜಲಾಶಯ ಕಪ್ಪಗಿರುತ್ತದೆ. ದಂಡೆಯ ಊರಿನಲ್ಲಿ ಗೋಡೆಯೂ ನೆಲವೂ ಕೂಡುವ ಮೂಲೆಗಳು ಅಲೆಯನ್ನು ಬಂದ ದಾರಿಯಲ್ಲೇ ಹಿಂದಿರುಗಿಸಿ ಬೆಳ್ಳಗೆ ಹೊಳೆಯುತ್ತವೆ. ಉಕ್ಕಿನ ಹಡಗು ಕಾಣುವುದೂ ಹೀಗೆಯೇ. ಕಡಲು ಪ್ರಕ್ಷುಬ್ಧವಾದಾಗ ಮಾತ್ರ ನೀರೂ ಹೊಳೆದು ಸಣ್ಣ ದೋಣಿಗಳನ್ನು ಮರೆಮಾಡುತ್ತದೆ.

ಆರಂಭ: 1937ರ ಸೆಪ್ಟೆಂಬರ್ 4ರಂದು ಬ್ರಿಟನ್ನಿನ ಎಡ್ವರ್ಡ್ ಬೋವೆನ್ ತಂಡ ಆವ್ರೊ ಆನ್ಸನ್ ವಿಮಾನದಿಂದ ಯುದ್ಧನೌಕೆಗಳನ್ನು ಪತ್ತೆಹಚ್ಚಿತು. 1951ರಲ್ಲಿ ಅಮೆರಿಕದ ಕಾರ್ಲ್ ವೈಲಿ ಸಿಂಥೆಟಿಕ್ ಅಪರ್ಚರ್ ತತ್ವವನ್ನು ಮುಂದಿಟ್ಟರು: ವಿಮಾನ ಸಾಗುತ್ತ ಪಡೆದ ಪ್ರತಿಫಲನಗಳನ್ನು ಜೋಡಿಸಿದರೆ ಪುಟ್ಟ ಆಂಟೆನಾ ಕೂಡ ಬಹುದೊಡ್ಡ ಆಂಟೆನಾದಷ್ಟು ಸ್ಪಷ್ಟ ಚಿತ್ರ ಕೊಡುತ್ತದೆ.

ಕರ್ನಾಟಕದ ಎರಡು ಧಾರೆಗಳು: ಬೆಂಗಳೂರಿನ ಕೆಲಸದ ಚರಿತ್ರೆಯಲ್ಲಿ ಎರಡು ಧಾರೆಗಳು ಸುಲಭವಾಗಿ ಕಲಸಿಹೋಗುತ್ತವೆ. ಮೊದಲನೆಯದು ಆಕಾಶದ ವಿಮಾನಗಳನ್ನು ದೂರದಿಂದಲೇ ಗುರುತಿಸುವ ಮುನ್ನೆಚ್ಚರಿಕೆ ವ್ಯವಸ್ಥೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಸೆಂಟರ್ ಫಾರ್ ಏರ್‌ಬೋರ್ನ್ ಸಿಸ್ಟಮ್ಸ್ ಬೆಳೆಸಿದ್ದು ಇದನ್ನೇ. ಬೆನ್ನ ಮೇಲೆ ತಟ್ಟೆಯಂಥ ಗುಮ್ಮಟ ಹೊತ್ತ ಅದರ ಆವ್ರೊ ವಿಮಾನ 1999ರ ಜನವರಿ 11ರಂದು ಅರಕ್ಕೋಣಂನಲ್ಲಿ ಪತನವಾಗಿ 8 ಮಂದಿ ಪ್ರಾಣ ತೆತ್ತರು. ಅವರ ಕೆಲಸ ಅಲ್ಲಿಗೇ ಮುಗಿಯಲಿಲ್ಲ. 2017ರ ಫೆಬ್ರುವರಿಯಲ್ಲಿ ಯಲಹಂಕದಲ್ಲಿ ಇದೇ ಧಾರೆಯ ಮುನ್ನೆಚ್ಚರಿಕೆ ವಿಮಾನ 'ನೇತ್ರ' ವಾಯುಪಡೆಯ ಕೈಸೇರಿತು.

ಈ ಲೇಖನದ ವಿಷಯ ನೆಲ-ಕಡಲನ್ನು ಕಾಣುವ ಎರಡನೆಯ ಧಾರೆ. ಸಿ.ವಿ. ರಾಮನ್ ನಗರದ ಎಲ್‌ಆರ್‌ಡಿಇ ಪ್ರಯೋಗಾಲಯ ನೌಕಾ ಹೆಲಿಕಾಪ್ಟರಿಗಾಗಿ ಸೂಪರ್‌ವಿಷನ್-2000 ಎಂಬ ಕಡಲ ಗಸ್ತು ರೇಡಾರ್ ರೂಪಿಸಿತು. ಅನಂತರದ ಎಕ್ಸ್‌ವಿ-2004, ಅಲೆಯ ಮೇಲೆ ಓಲಾಡುವ ಹಡಗಿನ ಚಲನೆಯಿಂದಲೇ ಅದರ ಆಕಾರವನ್ನು ಬಿಡಿಸುವ ತಂತ್ರ ಬಳಸಿತು. 1999ರ ದುರಂತವನ್ನು ಎರಡೂ ಧಾರೆಗಳ ತಿರುವೆಂದು ಎಣಿಸಿದರೆ ಈ ಪ್ರಯೋಗಾಲಯದ ಕೊಡುಗೆ ನೆರಳಿಗೆ ಸರಿಯುತ್ತದೆ.

ಇತ್ತೀಚಿನದು: ಸಿಂಥೆಟಿಕ್ ಅಪರ್ಚರ್ ರೇಡಾರ್ ಹೊರಲೆಂದು ಬೆಂಗಳೂರಿನ ಎಡಿಇ ಪ್ರಯೋಗಾಲಯ ರೂಪಿಸಿದ ಡ್ರೋನ್ 'ತಪಸ್'. 2023ರ ಜೂನ್ 16ರ ಬೆಳಿಗ್ಗೆ 7:35ಕ್ಕೆ ಅದು ಚಿತ್ರದುರ್ಗದ ಪರೀಕ್ಷಾ ವಲಯದಿಂದ ಮೇಲೆದ್ದಿತು. ಅಲ್ಲಿಂದ ಕಾರವಾರ ನೌಕಾನೆಲೆ 285 ಕಿ.ಮೀ. ದೂರ, ನೆಲೆಯಿಂದ 148 ಕಿ.ಮೀ. ಆಚೆ ನೌಕಾಪಡೆಯ ಹಡಗು ಐಎನ್‌ಎಸ್ ಸುಭದ್ರಾ ಕಾದಿತ್ತು. 20,000 ಅಡಿ ಎತ್ತರದ ಮೂರೂವರೆ ಗಂಟೆಯ ಹಾರಾಟದಲ್ಲಿ 40 ನಿಮಿಷ ನಿಯಂತ್ರಣ ಹಡಗಿನ ಕೈಯಲ್ಲಿತ್ತು. ಸೇನೆ ಬಯಸಿದ ಎತ್ತರ, ಅವಧಿಗಳನ್ನು ತಪಸ್ ಮುಟ್ಟಲಿಲ್ಲ. ಆದರೆ ಬಯಲುಸೀಮೆಯಿಂದ ಹೊರಟ ಕಣ್ಣನ್ನು ನಡುಗಡಲಿನ ಹಡಗು ತನ್ನದಾಗಿಸಿಕೊಳ್ಳಬಹುದೆಂದು ಆ 40 ನಿಮಿಷ ತೋರಿಸಿಕೊಟ್ಟಿತು.