ಆರು ಜನ, ಹತ್ತು ಅಂತಸ್ತು, ಒಂದು ಗ್ರಾಫ್ ಶೀಟ್

(1/6)
ಮೊದಲು ಫೋಟೋ ಜೂಮ್ ಮಾಡಿ ನೋಡಿ. ಹೌದು, ಅದು ಸ್ಟ್ಯಾಟಿಸ್ಟಿಕ್ಸ್‌ಗೆ ಅಂತ ತಂದ ಗ್ರಾಫ್ ಶೀಟೇ. ಆದ್ರೆ ಅದರಲ್ಲಿರೋದು ಓಜೈವ್ ಕರ್ವ್ ಅಲ್ಲ, ಒಂದು ನೆಲಮಾಳಿಗೆಯ ನಕ್ಷೆ. 20 ಅಡ್ಡ, 20 ಉದ್ದ, ಒಟ್ಟು 400 ಚೌಕ. ಇಂಥ ಶೀಟು ಹತ್ತು ಬೇಕು. ಎರಡು ತಿಂಗಳಾಯ್ತು, ನನ್ನ ಹತ್ರ ಇರೋದು ನಾಲ್ಕು.

ಆಟದ ಹೆಸರು ವಿಝಾರ್ಡ್ರಿ. 1981ರದ್ದು. ನಮ್ಮಪ್ಪ ಆಗ ಬಳಪ ತಿಂತಾ ಸ್ಲೇಟ್ ಹಿಡ್ಕೊಂಡು ಶಾಲೆಗೆ ಹೋಗ್ತಿದ್ರು. ನಾನು ಆಡ್ತಿರೋದು 2024ರಲ್ಲಿ ಡಿಜಿಟಲ್ ಎಕ್ಲಿಪ್ಸ್ ಅನ್ನೋ ಕಂಪನಿ ಹೊಸ ಚಿತ್ರಗಳ ಜೊತೆ ಪೂರ್ತಿಯಾಗಿ ಬಿಡುಗಡೆ ಮಾಡಿದ ಆವೃತ್ತಿ. ಮೇಲೆ ಬಣ್ಣಬಣ್ಣದ ರಾಕ್ಷಸರು ಕಾಣ್ತಾರೆ, ಆದ್ರೆ ಒಳಗೆ ಓಡ್ತಿರೋದು ಅದೇ ಹಳೇ ಆಪಲ್ 2 ಆಟ. ಬೇಕಿದ್ರೆ ಮೂಲೆಯಲ್ಲಿ ಆ ಹಳೇ ಪರದೆಯನ್ನೂ ನೋಡಬಹುದು: ಕಪ್ಪು ಹಿನ್ನೆಲೆ, ನಾಲ್ಕು ಬಿಳಿ ಗೆರೆ, ಅಷ್ಟೇ. ಸುಲಭ ಮಾಡ್ಕೊಳ್ಳೋಕೆ ಸೆಟ್ಟಿಂಗ್ಸ್ ಇದೆ. ಜಂಬಕ್ಕೆ ನಾನು ಹಳೇ ನಿಯಮಗಳನ್ನೇ ಹಾಕ್ಕೊಂಡೆ.

ಕಥೆ ಒಂದು ಸಾಲಿನದ್ದು. ಟ್ರೆಬರ್ ಅನ್ನೋ ಹುಚ್ಚು ದೊರೆಯ ತಾಯತವನ್ನ ವೆರ್ಡ್ನಾ ಅನ್ನೋ ಮಾಂತ್ರಿಕ ಕದ್ದು ಹತ್ತನೇ ಅಂತಸ್ತಿನಲ್ಲಿ ಕೂತಿದ್ದಾನೆ, ಹೋಗಿ ತನ್ನಿ. ನೀವು ಆರು ಜನರ ತಂಡ ಕಟ್ಟಬೇಕು. ನಾನು ಕಟ್ಟಿದೆ, ಇಳಿದೆ, ಎರಡನೇ ಬಾಗಿಲು ತೆಗೆದೆ. ಆರೂ ಜನ ಸತ್ತರು. ಹತ್ತು ನಿಮಿಷ ಕೂಡ ಆಗಿರಲಿಲ್ಲ.

(2/6)
ಇಲ್ಲಿ ನೀವು "ಲೋಡ್ ಮಾಡು, ಮತ್ತೆ ಆಡು" ಅಂತೀರ. ಆಗಲ್ಲ. ಆ ಕಾಲದಲ್ಲಿ ತಂಡ ಸತ್ತ ತಕ್ಷಣ ಆಟ ಅದನ್ನ ಫ್ಲಾಪಿ ಮೇಲೆ ಬರೆದುಬಿಡ್ತಿತ್ತು. ಹೆಣಗಳು ಸತ್ತ ಚೌಕದಲ್ಲೇ ಬಿದ್ದಿರ್ತವೆ. ನೀವು ಹೊಸ ತಂಡ ಕಟ್ಟಿ, ಅದನ್ನ ಬೆಳೆಸಿ, ಅದೇ ಜಾಗಕ್ಕೆ ಹೋಗಿ ಹೊತ್ಕೊಂಡು ಬರಬೇಕು. ತಂಡದಲ್ಲಿ ಆರೇ ಸೀಟು. ಅಂದ್ರೆ ಮೂರು ಜನ ಹೋದ್ರೆ ಮೂರೇ ಹೆಣ ತರಬಹುದು. ಸಾವು ಡಿಸ್ಕಿಗೆ ಹೋಗೋ ಮೊದಲೇ ಡ್ರೈವಿನ ಬಾಗಿಲು ತೆಗೆದು ಫ್ಲಾಪಿ ಎಳ್ಕೊಳ್ತಿದ್ದ ಆಟಗಾರರೂ ಇದ್ದರಂತೆ. ಈ ವಿಷಯ ಓದಿದಾಗ ನಂಗೆ ನಗು ಬಂತು. ಎರಡನೇ ವಾರದಲ್ಲಿ ನಗು ಬರಲಿಲ್ಲ.

ಇಷ್ಟು ಕ್ರೂರವಾದ ಆಟ ಯಾರಿಗೆ ಹೊಳೀತು? ಉತ್ತರಕ್ಕೆ 1970ರ ದಶಕದ ಅಮೆರಿಕಕ್ಕೆ ಹೋಗಬೇಕು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು ಡಂಜನ್ಸ್ ಅಂಡ್ ಡ್ರಾಗನ್ಸ್ ತಂದ್ರು. ಕಾಗದ, ಪೆನ್ಸಿಲ್, ದಾಳ ಇಟ್ಕೊಂಡು ಮೇಜಿನ ಸುತ್ತ ಕೂತು ಆಡೋ ಆಟ. ಅದೇ ಹೊತ್ತಿಗೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ಲೇಟೋ ಅನ್ನೋ ಕಂಪ್ಯೂಟರ್ ಜಾಲ ಇತ್ತು. ಪಾಠ ಹೇಳೋಕೆ ಮಾಡಿದ್ದು. ಹುಡುಗರು ಏನು ಮಾಡಿರ್ತಾರೆ ಅಂತ ನಿಮಗೇ ಗೊತ್ತು.

1975ರಲ್ಲಿ ರಸ್ಟಿ ರದರ್ಫರ್ಡ್ ಬರೆದ ನೆಲಮಾಳಿಗೆ ಆಟದ ಹೆಸರು ಪಿಎಡಿಟ್5. ಎಂಥ ಹೆಸರು ಅಂತೀರಾ? ಆಟಕ್ಕೆ ಅಂತ ಜಾಗ ಕೊಡ್ತಿರಲಿಲ್ಲವಲ್ಲ, ಪಾಠದ ಕೆಲಸಕ್ಕೆ ಕೊಟ್ಟಿದ್ದ ಫೈಲಿನ ಹೆಸರಲ್ಲೇ ಬಚ್ಚಿಟ್ಟಿದ್ದರು. ಆಡಳಿತದವರು ಕಂಡಾಗೆಲ್ಲ ಅಳಿಸ್ತಿದ್ರು. ಕಂಪ್ಯೂಟರ್ ಲ್ಯಾಬಲ್ಲಿ ಟ್ಯಾಲಿ ಫೋಲ್ಡರ್ ಒಳಗೆ ಗೇಮ್ ಬಚ್ಚಿಟ್ಟ ನಮ್ಮ ಕ್ಲಾಸಿನ ಮಹಾನುಭಾವರೇ, ನಿಮ್ಮ ಪರಂಪರೆ ಬಹಳ ದೊಡ್ಡದು.

(3/6)
ಪ್ಲೇಟೋದಲ್ಲಿ 1977ರಲ್ಲಿ ಊಬ್ಲಿಯೆಟ್ ಅಂತ ಇನ್ನೊಂದು ಆಟ ಬಂತು. ವಿಝಾರ್ಡ್ರಿ ಇದರಿಂದ ಕೈತುಂಬಾ ತಗೊಂಡಿದೆ. ಆದ್ರೆ ಒಂದು ವ್ಯತ್ಯಾಸ ಇದೆ, ನನ್ನ ಪ್ರಕಾರ ಇಡೀ ಕಥೆ ಅಲ್ಲೇ ಇರೋದು. ಊಬ್ಲಿಯೆಟ್ ಜಾಲದ ಆಟ. ಬೇರೆ ಬೇರೆ ಟರ್ಮಿನಲ್‌ಗಳ ಮುಂದೆ ನಿಜವಾದ ಹುಡುಗರು ಕೂತು, ಒಟ್ಟಿಗೆ ಒಂದು ತಂಡವಾಗಿ ಇಳೀತಿದ್ರು. ಒಬ್ಬ ಸತ್ತರೆ ಆ ಕಡೆಯಿಂದ ಬೈಗುಳ ಬರ್ತಿತ್ತು ಅನ್ಕೊಳ್ಳಿ.

ಕಾರ್ನೆಲ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಆಂಡ್ರೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್, ಇದನ್ನ ಆಪಲ್ 2ಗೆ ತರೋಕೆ ಹೊರಟರು. ಮೊದಲು ಇಬ್ಬರೂ ಬೇರೆ ಬೇರೆಯಾಗಿ ಬರೀತಿದ್ರು, ಆಮೇಲೆ ಒಂದಾದ್ರು. (ಅವರ ಹೆಸರನ್ನ ಹಿಂದಿನಿಂದ ಓದಿ. ಆಂಡ್ರೂ ತಿರುಗಿಸಿದರೆ ವೆರ್ಡ್ನಾ, ರಾಬರ್ಟ್ ತಿರುಗಿಸಿದರೆ ಟ್ರೆಬರ್. ಕಳ್ಳ ಒಬ್ಬ, ಹುಚ್ಚು ದೊರೆ ಇನ್ನೊಬ್ಬ.) ಆಪಲ್ 2 ಗೊತ್ತಲ್ಲ? ವಿಸಿಕ್ಯಾಲ್ಕ್ ಬಂದಿದ್ದು ಅದರಲ್ಲೇ, 1979ರಲ್ಲಿ. ಇವತ್ತಿನ ಎಕ್ಸೆಲ್‌ಗೆ ಮುತ್ತಜ್ಜ. ಲೆಕ್ಕಿಗರು ಬ್ಯಾಲೆನ್ಸ್ ಮಾಡ್ತಿದ್ದ ಪೆಟ್ಟಿಗೆ ಮೇಲೇ ಇವರು ರಾಕ್ಷಸರನ್ನ ಸಾಕಿದ್ರು.

ಆ ಪೆಟ್ಟಿಗೆಯ ಮೆಮೊರಿ 48 ಕಿಲೋಬೈಟ್. ಫ್ಲಾಪಿಯ ಒಂದು ಮಗ್ಗುಲಲ್ಲಿ 140 ಕಿಲೋಬೈಟ್. ನೀವು ಕಳಿಸೋ ಗುಡ್ ಮಾರ್ನಿಂಗ್ ಫೋಟೋ ಕೂಡ ಅದರಲ್ಲಿ ಹಿಡಿಯೋದು ಡೌಟು. ನಕ್ಷೆ ಆಟದಲ್ಲೇ ತೋರಿಸೋ ಮಾತೇ ಇಲ್ಲ, ಅದಕ್ಕೇ ನಿಮ್ಮ ಕೈಗೆ ಪೆನ್ಸಿಲ್. ಪ್ಯಾಸ್ಕಲ್ ಭಾಷೆಯಲ್ಲಿ ಬರೆದ ಆಟ ಸಾಮಾನ್ಯ ಯಂತ್ರದಲ್ಲಿ ಓಡೋಕೆ ಆಪಲ್ ಕಡೆಯಿಂದ ಒಂದು ತುಂಡು ಸಾಫ್ಟ್‌ವೇರ್ ಬರಬೇಕಿತ್ತು. ಕಾಯೋ ಅಷ್ಟೂ ತಿಂಗಳು ಆಡಿಸಿ ಆಡಿಸಿ ಹದ ಮಾಡಿದ್ರು. ಹಾಗಾಗಿ ಈ ಕಷ್ಟ ಅಕಸ್ಮಾತ್ ಬಂದಿದ್ದಲ್ಲ, ತೂಗಿ ಇಟ್ಟಿದ್ದು. ಇದು ಗೊತ್ತಾದ ಮೇಲೆ ಸಿಟ್ಟು ಇನ್ನೂ ಜಾಸ್ತಿ ಆಯ್ತು.

ಈಗ ವಿಷಯಕ್ಕೆ ಬರ್ತೀನಿ. ಆಪಲ್ 2 ಜಾಲದಲ್ಲಿ ಇರಲಿಲ್ಲ. ಕೂತಿರೋನು ಒಬ್ಬ. ಆದ್ರೆ ಸೀಟು ಮಾತ್ರ ಆರು. ಆರು ಜನ ಆಡಬೇಕಾದ್ದನ್ನ ಒಬ್ಬನೇ ಆಡಬೇಕು. ಹೆಸರಿನ ಜಾಗ ಖಾಲಿ ಬಿಟ್ಟಿರ್ತಾರೆ. ನೀವಾದ್ರೆ ಯಾರ ಹೆಸರು ಹಾಕ್ತೀರ?

(4/6)
ನಾನು ಪಿಯುಸಿ ಗ್ಯಾಂಗ್ ಹಾಕ್ದೆ. ಮುಂದೆ ಕುಳ್ಳ, ಲಂಬು, ಬೋಂಡ. ಹಿಂದೆ ಕಳ್ಳನಾಗಿ ಸೈಡುವಿಂಗು, ಬಿಷಪ್ ಆಗಿ ಪ್ರೊಫೆಸರ್, ಮಾಂತ್ರಿಕರ ಜಾಗದಲ್ಲಿ ನಾನು. ಗ್ಯಾಂಗಿನವರಿಗೆ ಯಾರ್ಯಾರು ಅಂತ ಗೊತ್ತು. ಉಳಿದವರಿಗೆ ಅಡ್ಡಹೆಸರು ಸಾಕು. ಬೋಂಡ ನಮ್ಮ ಪೂಜಾರಿ, ಅಂದ್ರೆ ಗಾಯ ವಾಸಿ ಮಾಡೋನು. ನಿಜವಾದ ಬೋಂಡ ಎರಡನೇ ಸೆಮಿಸ್ಟರ್ ಮಧ್ಯದಲ್ಲಿ ಕಾಲೇಜು ಬಿಟ್ಟ. ಮನೆ ಕಡೆ ತೊಂದರೆ, ಈಗ ಒಂದು ಗೋಡೌನಲ್ಲಿ ಕೆಲಸ. ಮೊದಮೊದಲು ಫೋನ್ ಮಾಡ್ತಿದ್ದೆ. ಆಮೇಲೆ ಇಂಟರ್ನಲ್ಸು, ಅಸೈನ್ಮೆಂಟು, ಹಾಗೇ ನಿಂತೋಯ್ತು. ಎಂಟು ತಿಂಗಳು.

ಬಿಕಾಂನವರು ಈ ಆಟ ಆಡಲೇಬೇಕು, ಯಾಕಂದ್ರೆ ಇದರ ಲೆಕ್ಕ ಅಷ್ಟು ಖಡಕ್ಕು. ಬೋಲ್ಟಾಕ್ ಅಂತ ಒಬ್ಬ ಅಂಗಡಿಯವನಿದ್ದಾನೆ. ಕೆಳಗೆ ಸಿಕ್ಕ ಕತ್ತಿ ಏನು ಅಂತ ಗುರುತಿಸೋಕೆ ಅವನು ಕೇಳೋ ಫೀಸು, ಆಮೇಲೆ ಅದೇ ಕತ್ತಿಗೆ ಅವನು ಕೊಡೋ ಬೆಲೆ, ಎರಡೂ ಒಂದೇ. ಲಾಭ ಸೊನ್ನೆ! ಅದಕ್ಕೇ ತಂಡದಲ್ಲಿ ಬಿಷಪ್ ಇರಬೇಕು, ಅವನು ಪುಕ್ಕಟೆ ಗುರುತಿಸ್ತಾನೆ. ವಸತಿಗೃಹದಲ್ಲಿ ರಾಜವೈಭೋಗದ ಕೋಣೆಗೆ 500 ಚಿನ್ನ. ಕುದುರೆ ಲಾಯದಲ್ಲಿ ಮಲಗಿದ್ರೆ ಉಚಿತ. ಗಾಯ ವಾಸಿಯಾಗಲ್ಲ, ಆದ್ರೆ ಮಂತ್ರಶಕ್ತಿ ವಾಪಸ್ ಬರುತ್ತೆ. ಪೂಜಾರಿ ಲಾಯದಲ್ಲಿ ಮಲಗಿ ಎದ್ದು ಎಲ್ಲರ ಗಾಯ ವಾಸಿ ಮಾಡಿ, ಮತ್ತೆ ಹೋಗಿ ಮಲಗಿದ್ರೆ ಆಸ್ಪತ್ರೆ ಖರ್ಚು ಉಳೀತು. ನಮ್ಮ ಬೋಂಡ ಎಷ್ಟು ರಾತ್ರಿ ಕುದುರೆ ಜೊತೆ ಮಲಗಿದ್ದಾನೋ ಲೆಕ್ಕವೇ ಇಲ್ಲ.

ಸಾವಿನ ಲೆಕ್ಕ ಇದಕ್ಕಿಂತ ಕೆಟ್ಟದು. ದೇವಸ್ಥಾನದಲ್ಲಿ ಸತ್ತವರನ್ನ ಬದುಕಿಸೋಕೆ ಒಂದು ಲೆವೆಲ್‌ಗೆ 250 ಚಿನ್ನದಂತೆ ದರ. ಹೊಸಬನನ್ನ ಸೃಷ್ಟಿ ಮಾಡೋಕೆ ಖರ್ಚು ಏನೂ ಇಲ್ಲ, ಮೇಲಾಗಿ ಅವನು ಜೇಬಲ್ಲಿ ನೂರರ ಆಸುಪಾಸು ಚಿನ್ನ ಇಟ್ಕೊಂಡೇ ಬರ್ತಾನೆ. ಶುರುವಿನಲ್ಲಿ ಯಾರಾದ್ರೂ ಸತ್ತರೆ ಕಾಸ್ಟಿಂಗ್ ಹೇಳೋದು ಒಂದೇ: ಬಿಸಾಕು, ಹೊಸಬನನ್ನ ತಗೋ. ಹೊಸಬರನ್ನ ಸಾಲಾಗಿ ಸೃಷ್ಟಿಸಿ, ದುಡ್ಡು ಕಿತ್ಕೊಂಡು, ಅಳಿಸಿಬಿಡೋ ದಂಧೆ ಹಳೇ ಆಟಗಾರರಿಗೆಲ್ಲ ಗೊತ್ತಿತ್ತು. ನಾನೂ ಮಾಡಿದೀನಿ. ಹನ್ನೊಂದು ಜನ.

(5/6)
ನಾಲ್ಕನೇ ಅಂತಸ್ತಲ್ಲಿ ಒಂದು ಕಾವಲು ಕೋಣೆ ಇದೆ. ಅದನ್ನ ದಾಟಿದ್ರೆ ನೀಲಿ ರಿಬ್ಬನ್ ಸಿಗುತ್ತೆ, ರಿಬ್ಬನ್ ಇದ್ದರೆ ಲಿಫ್ಟಲ್ಲಿ ನೇರ ಒಂಬತ್ತಕ್ಕೆ. (ಮಧ್ಯದ ಐದರಿಂದ ಎಂಟನೇ ಅಂತಸ್ತಿಗೆ ನೀವು ಕಾಲಿಡಲೇಬೇಕು ಅಂತಿಲ್ಲ. ಅಷ್ಟು ಕಷ್ಟಪಟ್ಟು ಮಾಡಿ ಹಾಗೇ ಬಿಟ್ಟಿದ್ದಾರೆ.) ಒಳಗೆ ಒಂದು ನಿಂಜಾ. ಈ ಆಟದಲ್ಲಿ ಕೈಯೇಟು ಬೀಳೋದು ಮುಂದಿನ ಮೂರು ಜನಕ್ಕೆ ಮಾತ್ರ. ಬೋಂಡ ಮೂರನೆಯವನು. ಮೈತುಂಬಾ ಶಕ್ತಿ ಇತ್ತು, ಒಂದೇ ಏಟಿಗೆ ಕತ್ತು ಹೋಯ್ತು.

ಕೋಣೆ ಗೆದ್ವಿ, ರಿಬ್ಬನ್ ಸಿಕ್ತು, ಹೆಣ ಹೊತ್ಕೊಂಡು ಮೇಲೆ ಬಂದ್ವಿ. ಏಳನೇ ಲೆವೆಲ್, ಅಂದ್ರೆ 1750 ಚಿನ್ನ. ಕೊಟ್ಟೆ. ದೇವಸ್ಥಾನದಲ್ಲಿ ಪರದೆ ಮೇಲೆ ನಾಲ್ಕು ಪದ ಒಂದೊಂದಾಗಿ ಬರ್ತವೆ, ಪಿಸುಮಾತು, ಮಂತ್ರ, ಪ್ರಾರ್ಥನೆ, ಆವಾಹನೆ. ಉಸಿರು ಹಿಡ್ಕೊಂಡು ಕಾಯಬೇಕು. ಕೈಗೂಡಲಿಲ್ಲ ಅಂದ್ರೆ ಆ ದೇಹ ಬೂದಿ ಆಗುತ್ತೆ. ಆಯ್ತು.

ಬೂದಿಯಿಂದ ಎಬ್ಬಿಸೋಕೆ ದರ ಎರಡರಷ್ಟು, 3500. ಅದೂ ಆಗಲಿಲ್ಲ ಅಂದ್ರೆ ಮುಗೀತು, ಹೆಸರೇ ಅಳಿದುಹೋಗುತ್ತೆ. ಸಂಕ್ ಕಾಸ್ಟ್ ಅಂತ ಮ್ಯಾಮ್ ಬೋರ್ಡ್ ಮೇಲೆ ಬರೆದಿದ್ದು ನೆನಪಿದೆಯಲ್ಲ? ಹೋದ ದುಡ್ಡು ಹೋಯ್ತು, ಮುಂದಿನ ನಿರ್ಧಾರಕ್ಕೆ ಅದನ್ನ ಸೇರಿಸಬಾರದು. ಐದು ಮಾರ್ಕಿಗೆ ಸರಿಯಾಗಿ ಬರೆದಿದ್ದೆ. ಆದ್ರೆ ಅವತ್ತು ರಾತ್ರಿ ಕುಳ್ಳನ ಕವಚ ಮಾರಿದೆ, ಲಂಬು ಕತ್ತಿ ಮಾರಿದೆ, ಪ್ರೊಫೆಸರ್ ಗುರುತಿಸಿ ಇಟ್ಟಿದ್ದ ಉಂಗುರ ಮಾರಿದೆ. 3500 ಆಯ್ತು. ಬರೀ ಕೈಯಲ್ಲಿ ಐದು ಜನ ದೇವಸ್ಥಾನದ ಮುಂದೆ ನಿಂತಿದ್ವಿ. ನಾಲ್ಕು ಪದ ಬಂದವು.

ಪಟ್ಟಿಯಲ್ಲಿ ಐದೇ ಹೆಸರು ಉಳೀತು.

(6/6)
ಲ್ಯಾಪ್‌ಟಾಪ್ ಮುಚ್ಚಿದೆ. ಮಾರನೇ ದಿನ ಆಟ ಬಿಟ್ಟು ಅದರ ಇತಿಹಾಸ ಓದ್ತಾ ಕೂತೆ, ಈ ಸರಣಿ ಶುರುವಾಗಿದ್ದೇ ಹಾಗೆ. ಜಪಾನಿನ ಕಥೆ ಮಜಾ ಇದೆ. 1985ರಲ್ಲಿ ಅಲ್ಲಿನ ಕಂಪ್ಯೂಟರ್‌ಗಳಿಗೆ ವಿಝಾರ್ಡ್ರಿ ಹೋಯ್ತು. ಆಟದ ತುಂಬ ಅಮೆರಿಕದ ಕಾಲೇಜು ಹುಡುಗರ ಜೋಕು. ಒಂದು ಮಹಾ ಕತ್ತಿಗೆ ಕ್ವಿಸಿನಾರ್ಟ್ ಅಂತ ಹೆಸರು, ಅದು ಅಲ್ಲಿ ಅಡುಗೆಮನೆ ಮಿಕ್ಸಿಯ ಬ್ರ್ಯಾಂಡು. ಜಪಾನಿನವರಿಗೆ ಜೋಕ್ ಗೊತ್ತಾಗದೆ, ಯಾರೋ ಮಹಾನ್ ಕಮ್ಮಾರ ಮಾಡಿದ್ದು ಅಂತ ಗಂಭೀರವಾಗಿ ತಗೊಂಡ್ರಂತೆ. ವಿಝಾರ್ಡ್ರಿ, ಅಲ್ಟಿಮಾ ಆಡಿ ಹುಚ್ಚು ಹಿಡಿಸ್ಕೊಂಡ ಯೂಜಿ ಹೋರಿ 1986ರಲ್ಲಿ ಡ್ರಾಗನ್ ಕ್ವೆಸ್ಟ್ ಮಾಡಿದ್ರು. ಇವತ್ತು ನೀವು ಆಡೋ ಜಪಾನೀ ಆರ್‌ಪಿಜಿಗಳ ಬೇರು ಅಲ್ಲಿದೆ. ಆಟ ಪ್ರಕಟಿಸಿದ ಸರ್‌ಟೆಕ್ ಕಂಪನಿ ಈಗಿಲ್ಲ. ಗ್ರೀನ್‌ಬರ್ಗ್ ಆಮೇಲೆ ವಕೀಲರಾಗಿದ್ರು, 2024ರ ಆಗಸ್ಟಲ್ಲಿ ತೀರ್ಕೊಂಡ್ರು.

ನನ್ನನ್ನ ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. 1987ರಲ್ಲಿ ನಾಲ್ಕನೇ ಭಾಗ ಬಂತು. ಅದರಲ್ಲಿ ನೀವೇ ವೆರ್ಡ್ನಾ. ಕೆಳಗಿಂದ ಮೇಲಕ್ಕೆ ಹತ್ತಬೇಕು, ಅಡ್ಡ ಬರೋರು ಸಾಹಸಿಗಳ ತಂಡಗಳು. ಆ ಸಾಹಸಿಗಳ ಹೆಸರು ಎಲ್ಲಿಂದ ಬಂದವು ಗೊತ್ತಾ? ಫ್ಲಾಪಿ ಕೆಟ್ಟು ತಮ್ಮ ತಂಡ ಕಳ್ಕೊಂಡ ಆಟಗಾರರು, ಹೇಗಾದ್ರೂ ಉಳಿಸಿಕೊಡಿ ಅಂತ ಸರ್‌ಟೆಕ್‌ಗೆ ಡಿಸ್ಕ್‌ಗಳನ್ನ ಅಂಚೆಯಲ್ಲಿ ಕಳಿಸ್ತಿದ್ರು. ಆ ಡಿಸ್ಕ್‌ಗಳಿಂದ. ಹೊಸಬನನ್ನ ಮಾಡೋಕೆ ಒಂದು ಪೈಸೆ ಖರ್ಚಿಲ್ಲದ ಆಟಕ್ಕೆ, ಹಳಬನಿಗೋಸ್ಕರ ಅಂಚೆ ಖರ್ಚು ಹಾಕಿದ ಜನ. ಅದರಲ್ಲಿ ಎಷ್ಟು ಹೆಸರು ಯಾರ್ಯಾರ ರೂಮ್‌ಮೇಟ್‌ದು, ತಮ್ಮಂದು, ಹಳೇ ಗೆಳೆಯಂದು ಇತ್ತೋ.

ಅವತ್ತು ಸಂಜೆ ಬೋಂಡನಿಗೆ ಗ್ರಾಫ್ ಶೀಟಿನ ಫೋಟೋ ಕಳಿಸಿದೆ. ನಾಲ್ಕನೇ ಅಂತಸ್ತಿನ ಆ ಚೌಕಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ, "ನೀನು ಇಲ್ಲಿ ಸತ್ತೆ, ಸಾರಿ" ಅಂತ ಬರೆದಿದ್ದೆ. ಎರಡು ಗಂಟೆ ಉತ್ತರ ಇಲ್ಲ. ಮೆಸೇಜ್ ಡಿಲೀಟ್ ಮಾಡೋಣ ಅಂತಿದ್ದೆ. ಆಮೇಲೆ ಬಂತು: "ನನ್ನನ್ನ ಯಾಕೋ ಪೂಜಾರಿ ಮಾಡ್ದೆ?"

ಭಾನುವಾರ ಅವನಿಗೆ ರಜೆ. ವಿಡಿಯೋ ಕಾಲಲ್ಲಿ ಸ್ಕ್ರೀನ್ ಶೇರ್ ಮಾಡ್ದೆ, ಹೊಸ ಬೋಂಡನಿಗೆ ಪಾಯಿಂಟ್ಸ್ ಅವನೇ ಹಂಚಿದ. ಈ ಸಲ ಅವನು ಫೈಟರ್ರು. ಕುದುರೆ ಲಾಯದಲ್ಲಿ ಮಲಗಲ್ಲ ಅಂತ ಷರತ್ತು ಹಾಕಿದ್ದಾನೆ. ತಂಡಕ್ಕೆ ಪೂಜಾರಿ ಇಲ್ಲ, ಕೈಯಲ್ಲಿ ಕತ್ತಿ ಇಲ್ಲ, ಖಜಾನೆಯಲ್ಲಿ 40 ಚಿನ್ನ ಇದೆ. ಮೊದಲನೇ ಅಂತಸ್ತಲ್ಲಿ ಮೂರು ಸಲ ಓಡಿಬಂದಿದೀವಿ.

ಪೂಜಾರಿ ಸೀಟಿಗೆ ಇದನ್ನ ಓದ್ತಿರೋ ಯಾರಾದ್ರೂ ಬರೋದಾದ್ರೆ ಕಮೆಂಟಲ್ಲಿ ಹೆಸರು ಹಾಕಿ. ಭಾನುವಾರ ಸಂಜೆ ಆರಕ್ಕೆ. ಲಾಯ ಖಾಲಿ ಇದೆ.

#ವಿಝಾರ್ಡ್ರಿ #ಹಳೇಆಟ #ಕನ್ನಡಗೇಮಿಂಗ್ #ಬೋಂಡಅಮರ