ಸಣ್ಣ ಉದ್ದಿಮೆಗಳಲ್ಲಿ ಸಹಯೋಗಿ ರೋಬಾಟ್‌ಗಳು

ಸಹಯೋಗಿ ರೋಬಾಟ್ ಅಥವಾ ಕೋಬಾಟ್ ಎಂಬುದು ಕಾರ್ಮಿಕರೊಂದಿಗೆ ಒಂದೇ ಸ್ಥಳವನ್ನು ಹಂಚಿಕೊಂಡು ಕೆಲಸ ಮಾಡುವಂತೆ ವಿನ್ಯಾಸಗೊಳಿಸಲಾದ ಕೈಗಾರಿಕಾ ರೋಬಾಟ್. ಸಣ್ಣ ಮತ್ತು ಮಧ್ಯಮ ಉದ್ದಿಮೆಗಳು ರೋಬಾಟ್ ಬಳಕೆಯತ್ತ ಸಾಗಲು ಇದು ಪ್ರಮುಖ ಮಾರ್ಗವಾಗಿದೆ. ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಕೃತಕ ಬುದ್ಧಿಮತ್ತೆ ಆಧಾರಿತ ದೃಷ್ಟಿ ವ್ಯವಸ್ಥೆಗಳನ್ನು ಜೋಡಿಸಲಾಗುತ್ತಿದೆ.

ಹಿನ್ನೆಲೆ

1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ‘ಯೂನಿಮೇಟ್’ ಕಾರ್ಯಾರಂಭ ಮಾಡಿತು. ಆನಂತರದ ದಶಕಗಳಲ್ಲಿ ರೋಬಾಟ್‌ಗಳು ಮುಖ್ಯವಾಗಿ ವಾಹನ ತಯಾರಿಕೆಯಂತಹ ಬೃಹತ್ ಕೈಗಾರಿಕೆಗಳಲ್ಲಿ ಬಳಕೆಯಾದವು. ಒಂದೇ ಬಗೆಯ ಭಾಗವನ್ನು ಲಕ್ಷಗಟ್ಟಲೆ ತಯಾರಿಸುವಾಗ ಪ್ರೋಗ್ರಾಮಿಂಗ್ ಹಾಗೂ ಸುರಕ್ಷತಾ ಬೇಲಿಯ ವೆಚ್ಚ ಪ್ರತಿ ಭಾಗಕ್ಕೆ ಅತ್ಯಲ್ಪವಾಗುತ್ತದೆ. ಕೆಲವು ನೂರು ಭಾಗಗಳ ನಂತರ ಕೆಲಸವೇ ಬದಲಾಗುವ ಸಣ್ಣ ಕಾರ್ಖಾನೆಗೆ ಪ್ರತಿ ಬಾರಿಯೂ ಮರುಸಿದ್ಧತೆಯ ಹೊರೆ ಬೀಳುತ್ತದೆ. ಹೀಗಾಗಿ ರೋಬಾಟ್‌ನ ಬೆಲೆಯಂತೆಯೇ ಮರುಸಿದ್ಧತೆಯ ವೆಚ್ಚವೂ ದೊಡ್ಡ ಅಡ್ಡಿಯಾಗಿತ್ತು.

ಬೆಳವಣಿಗೆ

ಕೋಬಾಟ್ ಪರಿಕಲ್ಪನೆಯನ್ನು 1996ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜೆ. ಎಡ್ವರ್ಡ್ ಕೋಲ್ಗೇಟ್ ಮತ್ತು ಮೈಕೆಲ್ ಪೆಶ್ಕಿನ್ ರೂಪಿಸಿದರು. ಡೆನ್ಮಾರ್ಕಿನ ಓಡೆನ್ಸ್ ನಗರದಲ್ಲಿ 2005ರಲ್ಲಿ ಸ್ಥಾಪನೆಯಾದ ಯೂನಿವರ್ಸಲ್ ರೋಬಾಟ್ಸ್ ಸಂಸ್ಥೆಯು 2008ರಲ್ಲಿ ‘ಯುಆರ್5’ ಎಂಬ ಯಾಂತ್ರಿಕ ತೋಳನ್ನು ಮಾರುಕಟ್ಟೆಗೆ ತಂದಿತು. ಸುಮಾರು 18 ಕೆ.ಜಿ. ತೂಕದ ಈ ತೋಳು 5 ಕೆ.ಜಿ. ಭಾರವನ್ನು ಎತ್ತಬಲ್ಲದು. ಅದನ್ನು ಕೈಯಿಂದ ಹಿಡಿದು ಬೇಕಾದ ಸ್ಥಾನಗಳಿಗೆ ಸರಿಸಿ ಚಲನೆಯನ್ನು ಕಲಿಸಬಹುದು. ಡೆನ್ಮಾರ್ಕಿನ ಲಿನಾಟೆಕ್ಸ್ ಇದರ ಮೊದಲ ಗ್ರಾಹಕ ಸಂಸ್ಥೆ.

ರಾಡ್ನಿ ಬ್ರೂಕ್ಸ್ ಸ್ಥಾಪಿಸಿದ ಅಮೆರಿಕದ ರೀಥಿಂಕ್ ರೋಬಾಟಿಕ್ಸ್ 2012ರಲ್ಲಿ ‘ಬ್ಯಾಕ್ಸ್‌ಟರ್’ ಅನ್ನು ಸುಮಾರು 22,000 ಡಾಲರ್ ಬೆಲೆಗೆ ಬಿಡುಗಡೆ ಮಾಡಿತು. ಬೆಲೆ ಕಡಿಮೆಯಿದ್ದರೂ ಕಾರ್ಖಾನೆಯ ಅನೇಕ ಕೆಲಸಗಳಿಗೆ ಅಗತ್ಯವಾದ ನಿಖರತೆ ಅದರಲ್ಲಿರಲಿಲ್ಲ. ಸಂಸ್ಥೆಯು 2018ರಲ್ಲಿ ಮುಚ್ಚಿತು.

ಕೃತಕ ಬುದ್ಧಿಮತ್ತೆಯ ಪಾತ್ರ

ಸಾಂಪ್ರದಾಯಿಕ ರೋಬಾಟ್‌ಗೆ ಪ್ರತಿಯೊಂದು ಭಾಗವೂ ನಿಗದಿತ ಸ್ಥಾನದಲ್ಲಿಯೇ ದೊರೆಯಬೇಕು. ಮೂರು ಆಯಾಮದ ಕ್ಯಾಮೆರಾ ಮತ್ತು ಯಂತ್ರ ಕಲಿಕೆಯ ನೆರವಿನಿಂದ ತೊಟ್ಟಿಯಲ್ಲಿ ಅಸ್ತವ್ಯಸ್ತವಾಗಿ ಬಿದ್ದಿರುವ ಭಾಗಗಳನ್ನೂ ಗುರುತಿಸಿ ಎತ್ತಬಹುದು. ಇದರಿಂದ ಭಾಗಗಳನ್ನು ಜೋಡಿಸಿಡುವ ವಿಶೇಷ ಚೌಕಟ್ಟುಗಳ ಅವಲಂಬನೆ ತಗ್ಗುತ್ತದೆ. ಆದರೆ ಹೊಳೆಯುವ, ಪಾರದರ್ಶಕವಾದ ಅಥವಾ ಒಂದಕ್ಕೊಂದು ಸಿಕ್ಕಿಕೊಂಡ ವಸ್ತುಗಳು ಈ ವ್ಯವಸ್ಥೆಗೆ ಕಠಿಣವಾಗಿವೆ.

ಸುರಕ್ಷತೆ

ಮನುಷ್ಯ ಮತ್ತು ರೋಬಾಟ್ ಪರಸ್ಪರ ತಾಗಿದಾಗ ದೇಹದ ವಿವಿಧ ಭಾಗಗಳ ಮೇಲೆ ಬೀಳಬಹುದಾದ ಬಲ ಹಾಗೂ ಒತ್ತಡದ ಮಿತಿಗಳನ್ನು 2016ರ ಐಎಸ್ಒ/ಟಿಎಸ್ 15066 ವಿವರಿಸಿತು. ಕೋಬಾಟ್ ಎಂಬ ಹೆಸರೊಂದೇ ಸುರಕ್ಷತೆಯ ಖಾತರಿಯಲ್ಲ. ತೋಳು ಮೃದುವಾಗಿ ನಿಂತರೂ ಅದು ಹಿಡಿದಿರುವ ಲೋಹದ ತಗಡಿನ ಹರಿತವಾದ ಅಂಚು ಗಾಯ ಮಾಡಬಲ್ಲದು. ಆದ್ದರಿಂದ ಉಪಕರಣ, ಭಾಗ ಮತ್ತು ಪರಿಸರ ಸೇರಿದಂತೆ ಇಡೀ ಕೆಲಸದ ಅಪಾಯ ಮೌಲ್ಯಮಾಪನ ಅಗತ್ಯ. ಕೆಲವು ಸಂದರ್ಭಗಳಲ್ಲಿ ಬೇಲಿಯೂ ಬೇಕಾಗುತ್ತದೆ.

ಮಿತಿಗಳು ಮತ್ತು ಉದ್ಯೋಗ

ಜನರ ಸಮೀಪ ಸುರಕ್ಷಿತವಾಗಿರಲು ಕೋಬಾಟ್‌ಗಳು ನಿಧಾನವಾಗಿ ಚಲಿಸಬೇಕಾಗುತ್ತದೆ. ಹಿಡಿಕೆ, ಕ್ಯಾಮೆರಾ, ಜೋಡಣೆ ಮತ್ತು ತರಬೇತಿಯ ವೆಚ್ಚವು ತೋಳಿನ ಬೆಲೆಗೆ ಹೆಚ್ಚುವರಿಯಾಗಿ ಸೇರುತ್ತದೆ. ಸಿಎನ್‌ಸಿ ಯಂತ್ರಕ್ಕೆ ಭಾಗಗಳನ್ನು ಇಟ್ಟು ತೆಗೆಯುವಂತಹ ಪುನರಾವರ್ತಿತ ಕೆಲಸವನ್ನು ರೋಬಾಟ್ ವಹಿಸಿಕೊಂಡಾಗ, ಕಾರ್ಮಿಕರು ಯಂತ್ರದ ಹೊಂದಾಣಿಕೆ ಮತ್ತು ಗುಣಮಟ್ಟ ಪರೀಕ್ಷೆಯತ್ತ ಸಾಗಬಹುದು. ಈ ಬದಲಾವಣೆ ತಾನಾಗಿಯೇ ಆಗುವುದಿಲ್ಲ; ತರಬೇತಿ ದೊರೆಯದಿದ್ದಲ್ಲಿ ಅದೇ ಕೆಲಸವನ್ನು ಅವಲಂಬಿಸಿದವರು ಉದ್ಯೋಗ ಕಳೆದುಕೊಳ್ಳುವ ಸಾಧ್ಯತೆಯಿದೆ.