ಮೇಖ್ರಿ ಸರ್ಕಲ್‌ನಿಂದ ನಮ್ಮ ಮನೆ ಗೋಡೆಗೆ: ಚಪ್ಪಟೆ ಟಿವಿಯ ಕತೆ

ಯಶವಂತಪುರದ ಎಪಿಎಂಸಿ ಯಾರ್ಡಿಗೆ ಈರುಳ್ಳಿ ಹಾಕಿ, ಬಂದ ದುಡ್ಡಿನಲ್ಲಿ ಟಿವಿ ತೆಗೆದುಕೊಂಡು ಊರಿಗೆ ಹೋಗುವುದು ನಮ್ಮ ಕಡೆ ಹೊಸದೇನಲ್ಲ. ಅಂಗಡಿಗೆ ಕಾಲಿಟ್ಟ ಕೂಡಲೇ ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಇಂಚು ಸಾರ್?’ ಎರಡನೆಯದು, ‘ಬಜೆಟ್ ಎಷ್ಟು?’

ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಅಂಗಡಿಯವರು ಕೇಳುವುದಿಲ್ಲ, ನಾವೂ ಕೇಳಿಕೊಳ್ಳುವುದಿಲ್ಲ. ‘ನಿಮ್ಮ ಮನೆಯಲ್ಲಿ ಎಷ್ಟು ಜನ, ಎಲ್ಲೆಲ್ಲಿ ಕೂತು ಟಿವಿ ನೋಡ್ತೀರಿ?’

ಹಳ್ಳಿ ಮನೆಯಲ್ಲಿ ಟಿವಿಗೆ ನೇರವಾಗಿ ಸೋಫಾ ಹಾಕಿಕೊಂಡು ಇಬ್ಬರೇ ನೋಡುವುದು ಕಡಿಮೆ. ಅಜ್ಜಿ ಗೋಡೆಗೆ ಒರಗಿರುತ್ತಾರೆ. ಮಕ್ಕಳು ನೆಲದ ಮೇಲೆ. ಅಡುಗೆಮನೆ ಬಾಗಿಲಲ್ಲಿ ಒಬ್ಬರು ತರಕಾರಿ ಹೆಚ್ಚುತ್ತಾ ಓರೆಗಣ್ಣಲ್ಲಿ ಧಾರಾವಾಹಿ ನೋಡುತ್ತಾರೆ. ಹಾಗೆ ಪಕ್ಕದಿಂದ ನೋಡುವವರಿಗೂ ಚಿತ್ರ ಸರಿಯಾಗಿ ಕಾಣಬೇಕು ಎನ್ನುವುದು ಚಪ್ಪಟೆ ಟಿವಿಯ ಚರಿತ್ರೆಯಲ್ಲಿ ಬಹಳ ವರ್ಷ ಕಾಡಿದ ಸಮಸ್ಯೆ. ಅದರ ಪರಿಹಾರದ ಒಂದು ತುಂಡು ಸಿಕ್ಕಿದ್ದು ಹೆಬ್ಬಾಳದಿಂದ ಪೇಟೆ ಕಡೆ ಹೋಗುವಾಗ ಸಿಗುವ ಮೇಖ್ರಿ ಸರ್ಕಲ್ ಹತ್ತಿರದ ಒಂದು ಪ್ರಯೋಗಾಲಯದಲ್ಲಿ.

ಆ ಕತೆ ತಿಳಿದುಕೊಂಡರೆ ಟಿವಿ ಆರಿಸುವುದೂ ಸುಲಭ.

ಬೆಂಗಳೂರಿಗಿಂತ ಮೊದಲು ಹಳ್ಳಿಗೆ

ದೇಶದಲ್ಲಿ ಟಿವಿ ಪ್ರಯೋಗ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು, ದಿಲ್ಲಿಯಲ್ಲಿ. ಕರ್ನಾಟಕದಲ್ಲಿ ಮಾತ್ರ ಲೆಕ್ಕ ಉಲ್ಟಾ. ಇಲ್ಲಿ ರಾಜಧಾನಿಗಿಂತ ಮೊದಲು ಟಿವಿ ಬಂದದ್ದು ಉತ್ತರ ಕರ್ನಾಟಕದ ಹಳ್ಳಿಗಳಿಗೆ.

1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೋ ಮತ್ತು ಆಕಾಶವಾಣಿ ಸೇರಿ ‘ಸೈಟ್’ ಎಂಬ ಪ್ರಯೋಗ ನಡೆಸಿದವು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಅದಕ್ಕಾಗಿ ಬಿಟ್ಟುಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಇಟ್ಟರು. ನಮ್ಮಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿ ಗೂಡಿಗೆ ಬಳಸುವಂಥ ತಂತಿ ಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ಡಿಶ್. ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಬೇಸಾಯ, ಆರೋಗ್ಯ, ಒಂದಿಷ್ಟು ಮನರಂಜನೆ.

ಆ ಟಿವಿ ಯಾರ ಮನೆಯದೂ ಅಲ್ಲ, ಊರಿನದು. ಇಡೀ ಊರು ಒಂದೇ ಪರದೆ ಮುಂದೆ ಕೂರುತ್ತಿತ್ತು. ನೇರವಾಗಿ ಕೂತವರೂ ಇದ್ದರು, ಮೂಲೆಯಲ್ಲಿ ನಿಂತವರೂ ಇದ್ದರು.

ಪ್ರಯೋಗ ಮುಗಿದ ಮೇಲೆ, 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ. ಆರ್‌.ಟಿ. ನಗರದ ಪಕ್ಕದ ಜೆ.ಸಿ. ನಗರದಲ್ಲಿ ಕೇಂದ್ರ, ಎತ್ತರದ ಗೋಪುರ ಎದ್ದವು. ಆ ಭಾಗವನ್ನು ಜನ ಇವತ್ತಿಗೂ ‘ಟಿವಿ ಟವರ್’ ಅಂತಲೇ ಕರೆಯುತ್ತಾರೆ.

ಜಾಲಹಳ್ಳಿಯ ಪಿಕ್ಚರ್ ಟ್ಯೂಬ್

ಆಗಿನ ಟಿವಿಗೆ ದೊಡ್ಡ ಬೆನ್ನು. ಒಳಗೆ ಸೋರೆ ಬುರುಡೆಯಂಥ ದಪ್ಪ ಗಾಜಿನ ಪಿಕ್ಚರ್ ಟ್ಯೂಬ್. ಹಿಂದಿನ ಕುತ್ತಿಗೆಯಿಂದ ಎಲೆಕ್ಟ್ರಾನ್‌ಗಳು ಹಾರಿ ಬಂದು ಮುಂದಿನ ಗಾಜಿನ ಒಳಮೈಗೆ ಬಳಿದ ಪುಡಿಗೆ ಬಡಿಯುತ್ತವೆ, ಪುಡಿ ಹೊಳೆಯುತ್ತದೆ. ಆ ಹೊಳಪೇ ಚಿತ್ರ.

ಈ ಟ್ಯೂಬ್ ಪೂರಾ ಪರದೇಶದ ಮಾಲು ಎಂದುಕೊಳ್ಳಬೇಡಿ. ಯಶವಂತಪುರದಿಂದ ಸ್ವಲ್ಪವೇ ಮುಂದಿರುವ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ 1970ರಲ್ಲೇ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬ್ ಮಾಡಲು ಶುರು ಮಾಡಿತು. 1972ರಲ್ಲಿ ಟಿವಿ ಪ್ರಸಾರದ ಟ್ರಾನ್ಸ್‌ಮಿಟರ್‌ಗಳನ್ನೂ ಮಾಡಿತು. ಬೆಂಗಳೂರಿಗೆ ಪ್ರಸಾರ ಬರುವುದಕ್ಕೆ ಹತ್ತು ವರ್ಷ ಮೊದಲೇ ಬೆಂಗಳೂರಿನಲ್ಲಿ ಟಿವಿಯ ಹೃದಯ ತಯಾರಾಗುತ್ತಿತ್ತು.

1982ರಲ್ಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣ ಬಂತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇದ್ದ ಬಿಪಿಎಲ್ ಟಿವಿ ಮಾರುಕಟ್ಟೆಗೆ ಇಳಿದದ್ದೂ ಆ ಹೊತ್ತಿನಲ್ಲೇ. ಟಿವಿ ಇಟ್ಟುಕೊಳ್ಳಲು ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿದ್ದ ಪದ್ಧತಿ 80ರ ದಶಕದ ನಡುವೆ ಹೋಯಿತು. 1987ರ ಜನವರಿಯಲ್ಲಿ ‘ರಾಮಾಯಣ’ ಶುರುವಾದಾಗ ಟಿವಿ ಇದ್ದ ಮನೆ ಭಾನುವಾರ ಬೆಳಿಗ್ಗೆ ದೇವಸ್ಥಾನವಾಯಿತು. ಜಗಲಿ ಮೇಲೆ, ಕಿಟಕಿಯಲ್ಲಿ, ಬಾಗಿಲಲ್ಲಿ ಜನ. ಮಾಳಿಗೆ ಮೇಲೊಬ್ಬ ಆಂಟೆನಾ ತಿರುಗಿಸುತ್ತಾ ‘ಬಂತಾ?’ ಎಂದು ಕೂಗುವುದು, ಕೆಳಗಿನಿಂದ ‘ಇನ್ನೂ ಸ್ವಲ್ಪ!’ ಎನ್ನುವುದು.

ಇಲ್ಲಿ ಒಂದು ವಿಷಯ ಗಮನಿಸಿ. ಕಿಟಕಿಯಲ್ಲಿ ನಿಂತವರಿಗೂ ರಾಮ ರಾಮನ ಹಾಗೇ ಕಂಡ. ಬಣ್ಣ ಮಾಸಲಿಲ್ಲ, ಮುಖ ಕಪ್ಪಾಗಲಿಲ್ಲ. ಹಳೆಯ ಟಿವಿಯಲ್ಲಿ ಬೆಳಕು ಹುಟ್ಟುವುದು ಪರದೆಯ ಮೈಯಲ್ಲೇ. ದೀಪದ ಬೆಳಕಿನ ಹಾಗೆ ಅದು ಎಲ್ಲ ದಿಕ್ಕಿಗೂ ಹರಡುತ್ತದೆ. ಟಿವಿ ದಪ್ಪವಿತ್ತು, ಭಾರವಿತ್ತು, ಕರೆಂಟು ತಿನ್ನುತ್ತಿತ್ತು. ಆದರೆ ಅದಕ್ಕೆ ಪಂಕ್ತಿಭೇದ ಇರಲಿಲ್ಲ.

ಕ್ಯಾರೆಟ್‌ನಿಂದ ಶುರುವಾದ ಪರದೆ

ಚಪ್ಪಟೆ ಟಿವಿಯ ದಾರಿಯೇ ಬೇರೆ. ಅದು ಶುರುವಾಗುವುದು 1888ರಲ್ಲಿ, ಒಬ್ಬ ಸಸ್ಯಶಾಸ್ತ್ರಜ್ಞನಿಂದ. ಆಸ್ಟ್ರಿಯಾದ ಫ್ರೀಡ್ರಿಖ್ ರೈನಿಟ್ಜರ್ ಕ್ಯಾರೆಟ್‌ನಿಂದ ತೆಗೆದ ಒಂದು ವಸ್ತುವನ್ನು ಕಾಯಿಸಿ ನೋಡುತ್ತಿದ್ದ. ಅದು ಎರಡು ಸಲ ಕರಗಿತು! ಮೊದಲು ಮಬ್ಬಾದ ದ್ರವ, ಇನ್ನೂ ಕಾಯಿಸಿದರೆ ತಿಳಿ ದ್ರವ. ನಡುವಿನ ಆ ಮಬ್ಬು ಸ್ಥಿತಿ ನೀರಿನ ಹಾಗೆ ಹರಿಯುತ್ತದೆ, ಆದರೆ ಒಳಗಿನ ಕಣಗಳು ಹರಳಿನಂತೆ ಸಾಲಾಗಿ ನಿಂತಿರುತ್ತವೆ. ಇದೇ ದ್ರವ ಸ್ಫಟಿಕ. ಎಲ್‌ಸಿಡಿ ಎನ್ನುವ ಹೆಸರಿನಲ್ಲಿರುವ ಮೊದಲ ಎರಡು ಅಕ್ಷರ ಇದೇ.

ಸುಮಾರು 80 ವರ್ಷ ಇದು ಬರೀ ಕುತೂಹಲದ ವಸ್ತುವಾಗಿತ್ತು. 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ ಜಾರ್ಜ್ ಹೈಲ್‌ಮೇಯರ್ ತಂಡ ಇದರಿಂದ ಪರದೆ ಮಾಡಿ ತೋರಿಸಿತು. 70ರ ದಶಕದಲ್ಲಿ ಕ್ಯಾಲ್ಕುಲೇಟರ್‌ಗೆ, ಕೈಗಡಿಯಾರಕ್ಕೆ ಬಂತು.

ಇದರಲ್ಲಿ ದ್ರವ ಸ್ಫಟಿಕ ತಾನೇ ಬೆಳಗುವುದಿಲ್ಲ. ಟಿವಿಯಲ್ಲಾದರೆ ಹಿಂದೆ ಒಂದು ದೀಪವಿರುತ್ತದೆ. ದ್ರವ ಸ್ಫಟಿಕದ ಕಣಗಳು ಸಣ್ಣ ಕಡ್ಡಿಗಳ ಹಾಗೆ. ಕರೆಂಟು ಕೊಟ್ಟಾಗ ಅವು ತಿರುಗಿ, ಬೆಳಕನ್ನು ಬಿಡುತ್ತವೆ ಅಥವಾ ತಡೆಯುತ್ತವೆ. ಕಾಲುವೆಯ ತೂಬಿನ ಕೆಲಸ ಅಂದುಕೊಳ್ಳಿ.

ತೊಂದರೆ ಇರುವುದೂ ಅಲ್ಲೇ. ನೇರವಾಗಿ ನೋಡುವವರಿಗೆ ತೂಬು ಸರಿಯಾಗಿ ಮುಚ್ಚಿದಂತೆ ಕಾಣುತ್ತದೆ. ಪಕ್ಕದಿಂದ ನೋಡಿದರೆ ಕಡ್ಡಿಗಳು ಓರೆಯಾಗಿ ಕಂಡು ಬೆಳಕು ಸೋರುತ್ತದೆ. ಕಪ್ಪು ಬೂದಿಯಾಗುತ್ತದೆ, ಬಣ್ಣ ಉಲ್ಟಾ ಆಗುತ್ತದೆ. ಹಳೆಯ ಲ್ಯಾಪ್‌ಟಾಪನ್ನು ಓರೆಯಾಗಿ ನೋಡಿದವರಿಗೆ ಇದು ಗೊತ್ತು. ಒಬ್ಬನೇ ನೋಡುವ ಗಡಿಯಾರಕ್ಕೆ ಇದು ನಡೆಯುತ್ತದೆ. ಮನೆಮಂದಿಯೆಲ್ಲ ನೋಡುವ ಟಿವಿಗೆ ನಡೆಯುವುದಿಲ್ಲ.

ರೊಟ್ಟಿ ಪೇರಿಸಿದ ಹಾಗೆ

ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ ಮೇಖ್ರಿ ಸರ್ಕಲ್‌ನಿಂದ ಕೂಗಳತೆ ದೂರ. ಸರ್ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ್ದು. ರಾಮನ್ ಅವರ ಸೋದರಳಿಯ, ಅವರ ಕೈಕೆಳಗೆ ಕಲಿತ ಶಿವರಾಮಕೃಷ್ಣ ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಮೊದಲ ಮುಖ್ಯಸ್ಥರಾಗಿ ಹೋದರು. ಅಲ್ಲಿ ದ್ರವ ಸ್ಫಟಿಕದ ಕೆಲಸ ಹಿಡಿದರು. 1971ರಲ್ಲಿ ಬೆಂಗಳೂರಿಗೆ ಮರಳಿ ಇದೇ ಸಂಸ್ಥೆಯಲ್ಲಿ ದ್ರವ ಸ್ಫಟಿಕ ಪ್ರಯೋಗಾಲಯ ಕಟ್ಟಿದರು. (ನೊಬೆಲ್ ಪಡೆದ ಖಗೋಳ ವಿಜ್ಞಾನಿ ಚಂದ್ರಶೇಖರ್ ಬೇರೆ. ಅವರೂ ರಾಮನ್ ಬಂಧುವೇ.)

ಅಲ್ಲಿಯವರೆಗೆ ಜಗತ್ತಿಗೆ ಗೊತ್ತಿದ್ದದ್ದು ಕಡ್ಡಿಯಂಥ ಕಣಗಳ ದ್ರವ ಸ್ಫಟಿಕ. ಬಿಲ್ಲೆಯಂಥ ಕಣಗಳಿಂದ ಅದು ಆಗಬಹುದೇ? 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಮೂವರೂ ಸೇರಿ ಅದನ್ನು ಮಾಡಿ ತೋರಿಸಿದರು. ನಡುವೆ ಒಂದು ಉಂಗುರ, ಸುತ್ತ ಆರು ಬಾಲ ಇರುವ ಕಣಗಳು ಒಂದರ ಮೇಲೊಂದು ರೊಟ್ಟಿ ಪೇರಿಸಿಟ್ಟ ಹಾಗೆ ಕಂಬಗಳಾಗಿ ನಿಂತವು. ಫಲಿತಾಂಶ ಪ್ರಕಟವಾದದ್ದು ಲಂಡನ್ನಿನಲ್ಲಲ್ಲ, ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ ಎಂಬ ವಿಜ್ಞಾನ ಪತ್ರಿಕೆಯಲ್ಲಿ. ಪ್ರಪಂಚದ ವಿಜ್ಞಾನಿಗಳು ಇವತ್ತಿಗೂ ಆ ಲೇಖನದ ಹೆಸರು ಹೇಳುತ್ತಾರೆ.

ಅವರು ಟಿವಿ ಮಾಡಲು ಹೊರಟವರಲ್ಲ. ಆದರೆ ಸುಮಾರು ಇಪ್ಪತ್ತು ವರ್ಷದ ನಂತರ, 90ರ ದಶಕದಲ್ಲಿ, ಜಪಾನಿನ ಫ್ಯೂಜಿಫಿಲ್ಮ್ ಕಂಪನಿ ಬಿಲ್ಲೆ ಜಾತಿಯ ದ್ರವ ಸ್ಫಟಿಕ ಬಳಿದ ತೆಳು ಹಾಳೆ ಮಾಡಿತು. ಅದನ್ನು ಎಲ್‌ಸಿಡಿ ಪರದೆಗೆ ಅಂಟಿಸಿದರೆ ಪಕ್ಕದಿಂದ ನೋಡಿದಾಗಲೂ ಚಿತ್ರ ನಿಲ್ಲುತ್ತದೆ. ತಕ್ಕಡಿಯ ಒಂದು ತಟ್ಟೆ ವಾಲಿದಾಗ ಇನ್ನೊಂದಕ್ಕೆ ಸಣ್ಣ ಕಲ್ಲಿಟ್ಟು ಸಮ ಮಾಡುತ್ತೇವಲ್ಲ, ಹಾಗೆ ಕಡ್ಡಿಗಳ ವಾಲುವಿಕೆಯನ್ನು ಬಿಲ್ಲೆಗಳು ಸರಿದೂಗಿಸುತ್ತವೆ. ಈ ಹಾಳೆ ಹೆಚ್ಚು ಬಳಕೆಯಾದದ್ದು ಕಂಪ್ಯೂಟರ್ ಪರದೆಗಳಲ್ಲಿ. ಟಿವಿಗಳಿಗೆ ಅದೇ ದಶಕದಲ್ಲಿ ಐಪಿಎಸ್, ವಿಎ ಎಂಬ ಬೇರೆ ದಾರಿಗಳೂ ಹುಟ್ಟಿದವು.

ಬುದ್ಧಿ ಇಲ್ಲಿಯದು, ಪ್ಯಾನೆಲ್ ಹೊರಗಿನದು

1991ರಲ್ಲಿ ಚಂದ್ರಶೇಖರ್ ಜಾಲಹಳ್ಳಿಯಲ್ಲಿ ದ್ರವ ಸ್ಫಟಿಕ ಸಂಶೋಧನೆಗೇ ಒಂದು ಕೇಂದ್ರ ತೆರೆದರು. ಈಗ ಅದು ಕೇಂದ್ರ ಸರ್ಕಾರದ ಸಂಸ್ಥೆಯಾಗಿ, ದಾಸನಪುರ ಹೋಬಳಿಯ ಶಿವನಪುರದಲ್ಲಿದೆ. ಚಂದ್ರಶೇಖರ್ 2004ರಲ್ಲಿ ತೀರಿಕೊಂಡರು. ದಾಸನಪುರ ಎಪಿಎಂಸಿಗೆ ಮಾಲು ತರುವ ನಮ್ಮವರಲ್ಲಿ ಎಷ್ಟು ಜನಕ್ಕೆ ಈ ವಿಷಯ ಗೊತ್ತು?

ಪಿಕ್ಚರ್ ಟ್ಯೂಬ್ ಕಾಲದಲ್ಲಿ ಜಾಲಹಳ್ಳಿಯ ಕಾರ್ಖಾನೆಯಲ್ಲೇ ಟಿವಿಯ ಮುಖ್ಯ ಭಾಗ ತಯಾರಾಗುತ್ತಿತ್ತು. ಚಪ್ಪಟೆ ಕಾಲ ಬಂದಾಗ ಟಿವಿ ಪ್ಯಾನೆಲ್ ಮಾಡುವ ಕಾರ್ಖಾನೆಗೆ ಸಾವಿರಾರು ಕೋಟಿ ಬೇಕಾಯಿತು. ಜಪಾನ್, ಕೊರಿಯಾ, ತೈವಾನ್, ಆಮೇಲೆ ಚೀನಾ ಆ ಹಣ ಹಾಕಿದವು, ನಾವು ಹಾಕಲಿಲ್ಲ. ಇವತ್ತು ಡಬ್ಬದ ಮೇಲೆ ‘ಭಾರತದಲ್ಲಿ ತಯಾರಿಸಿದ್ದು’ ಎಂದಿದ್ದರೂ ಒಳಗಿನ ಪ್ಯಾನೆಲ್ ಹೊರಗಿನಿಂದ, ಹೆಚ್ಚಾಗಿ ಚೀನಾದಿಂದ ಬಂದದ್ದು. ಇಲ್ಲಿ ಆಗುವುದು ಜೋಡಣೆ. ಹೊಸದನ್ನು ಕಂಡುಹಿಡಿಯುವುದು ಒಂದು ಕೆಲಸ, ಅದನ್ನು ಲಕ್ಷಗಟ್ಟಲೆ ಮಾಡಿ ಮಾರುವುದು ಇನ್ನೊಂದು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟ ಊರು ಗಿರಾಕಿಯಾಗಿ ಉಳಿಯುತ್ತದೆ.

ಅಂಗಡಿಯಲ್ಲಿ ನಿಂತಾಗ

ಈ ಚರಿತ್ರೆಯಿಂದ ಗಿರಾಕಿ ಕಲಿಯಬೇಕಾದದ್ದು ಇಷ್ಟು.

ಒಂದು, ‘ಎಲ್‌ಇಡಿ ಟಿವಿ’ ಎಂದರೆ ಬೇರೆ ಜಾತಿಯಲ್ಲ. ಎಲ್‌ಸಿಡಿ ಪರದೆಯ ಹಿಂದೆ ಹಳೆಯ ಟ್ಯೂಬ್‌ಲೈಟ್ ಬದಲು ಎಲ್‌ಇಡಿ ದೀಪ ಇಟ್ಟದ್ದು. ಕ್ಯೂಎಲ್‌ಇಡಿ ಕೂಡ ಇದೇ ವಂಶ, ಬಣ್ಣ ಇನ್ನಷ್ಟು ಚೆನ್ನ. ಓಎಲ್‌ಇಡಿ ಮಾತ್ರ ಬೇರೆ. ಅದರ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಆದ್ದರಿಂದ ಹಳೆಯ ಟ್ಯೂಬ್‌ನ ಹಾಗೆ ಪಕ್ಕದಿಂದಲೂ ಚೆನ್ನಾಗಿ ಕಾಣುತ್ತದೆ. ಬೆಲೆಯೂ ಹಾಗೇ ಏರುತ್ತದೆ.

ಎರಡು, ಪಕ್ಕಕ್ಕೆ ಸರಿದು ನೋಡಿ. ಟಿವಿ ಓಡುತ್ತಿರುವಾಗ ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು ಹೆಜ್ಜೆ ಹಾಕಿ. ನೆಲದ ಮೇಲೆ ಕೂರುವವರಿದ್ದರೆ ಕುಕ್ಕರಗಾಲಲ್ಲಿ ಕೂತೂ ನೋಡಿ, ನಾಚಿಕೆ ಬೇಡ. ಮುಖದ ಬಣ್ಣ ಮಾಸಿದರೆ ಅದು ನಿಮ್ಮ ಅಜ್ಜಿಗೆ ಕಾಣುವ ಟಿವಿ. ಸಾಮಾನ್ಯವಾಗಿ ಐಪಿಎಸ್ ಪ್ಯಾನೆಲ್ ಪಕ್ಕದಿಂದ ಚೆನ್ನಾಗಿ ಕಾಣುತ್ತದೆ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಗಾಢ, ಪಕ್ಕದ ನೋಟ ಕಡಿಮೆ.

ಮೂರು, ಪೆನ್‌ಡ್ರೈವ್‌ನಲ್ಲಿ ತೋರಿಸುವ ನವಿಲು, ಜಲಪಾತ ನೋಡಿ ಮರುಳಾಗಬೇಡಿ. ಮನೆಯಲ್ಲಿ ನೀವು ನೋಡುವ ಚಾನೆಲ್ಲನ್ನೇ ಹಾಕಿಸಿ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕಿಗಳಿವೆ. ಮಾಮೂಲಿ ಎಸ್‌ಡಿ ಪ್ರಸಾರದಲ್ಲಿ ಬರುವುದು ಸುಮಾರು 4 ಲಕ್ಷ. ಉಳಿದದ್ದನ್ನು ಟಿವಿ ತಾನೇ ಊಹಿಸಿ ತುಂಬುತ್ತದೆ. ಫ್ರೀ ಡಿಶ್‌ನಲ್ಲಿ ಚಂದನ ನೋಡುವ ಮನೆಗೆ, 8 ಅಡಿ ದೂರ ಕೂರುವವರಿಗೆ, 32 ಇಂಚಿನಲ್ಲಿ 4ಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನಾಲ್ಕು, ಹೆಸರು ನೋಡಿ ಮೋಸ ಹೋಗಬೇಡಿ. ಕೊಡಾಕ್, ಥಾಮ್ಸನ್ ಹೆಸರಿನ ಟಿವಿಗಳನ್ನು ನಮ್ಮ ದೇಶದ ಕಂಪನಿಯೊಂದು ಹೆಸರಿನ ಪರವಾನಗಿ ಪಡೆದು ಮಾಡುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಹಳೆಯ ಹೆಸರಿನ ಮೇಲೆ ನಂಬಿಕೆ ಇಡುವ ಬದಲು, ರಿಪೇರಿಗೆ ನಿಮ್ಮ ತಾಲ್ಲೂಕಿಗೆ ಯಾರು ಬರುತ್ತಾರೆ ಎಂದು ಕೇಳಿ. ಪ್ಯಾನೆಲ್ ಒಡೆದರೆ ಬದಲಾಯಿಸುವ ಖರ್ಚು ಅನೇಕ ಸಲ ಹೊಸ ಟಿವಿಯ ಹತ್ತಿರ ಹೋಗುತ್ತದೆ.

ಐದು, ತೆರಿಗೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ.

ಹಳೆಯ ಡಬ್ಬ ಏನಾಗಬೇಕು?

ಹೊಸದು ಬಂದ ಮೇಲೆ ಹಳೆಯ ದಪ್ಪ ಟಿವಿ ಅಟ್ಟ ಸೇರುತ್ತದೆ, ಇಲ್ಲವೇ ಗುಜರಿಗೆ ಹೋಗುತ್ತದೆ. ತಾಮ್ರಕ್ಕಾಗಿ ಅದನ್ನು ಮನೆ ಹಿತ್ತಲಲ್ಲಿ ಒಡೆಯಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ. ಪಿಕ್ಚರ್ ಟ್ಯೂಬ್ ಒಳಗೆ ಗಾಳಿಯಿಲ್ಲ, ಒಡೆದರೆ ಗಾಜು ಸಿಡಿಯುತ್ತದೆ. ಬಣ್ಣದ ಟಿವಿಯ ಗಾಜಿನಲ್ಲಿ ಸೀಸವಿದೆ. ಅದು ಬಾವಿ, ಕೆರೆ ಸೇರಬಾರದು. ಯಶವಂತಪುರದಿಂದ ತುಮಕೂರು ರಸ್ತೆಯಲ್ಲಿ ಸಿಗುವ ದಾಬಸ್‌ಪೇಟೆಯಲ್ಲಿ ಇ-ಕಸವನ್ನು ಸರಿಯಾಗಿ ಬಿಡಿಸುವ ‘ಇ-ಪರಿಸರ’ ಎಂಬ ಘಟಕ 2005ರಿಂದ ಇದೆ. ದೇಶದಲ್ಲೇ ಇಂಥ ಮೊದಲ ಘಟಕಗಳಲ್ಲಿ ಅದೂ ಒಂದು. ಎಕ್ಸ್‌ಚೇಂಜ್‌ಗೆ ಕೊಡುವಾಗಲೂ ಹಳೆಯದು ಎಲ್ಲಿಗೆ ಹೋಗುತ್ತದೆ ಎಂದು ಅಂಗಡಿಯವರನ್ನು ಕೇಳಿ.

ಇನ್ನೊಂದು ಮಾತು. ಮನೆಯಲ್ಲಿ ವಿಜ್ಞಾನ ಓದುವ ಮಕ್ಕಳಿದ್ದರೆ, ಹೊಸ ಟಿವಿ ಗೋಡೆಗೆ ಹಾಕಿದ ದಿನ ಅವರಿಗೆ ಮೇಖ್ರಿ ಸರ್ಕಲ್ ಹತ್ತಿರದ ಆ ಮೂವರ ಹೆಸರು ಹೇಳಿ. ಇದರ ಹಿಂದಿನ ವಿಜ್ಞಾನದಲ್ಲಿ ಒಂದು ಪಾಲು ನಮ್ಮ ಬಸ್ಸು ದಿನಾ ಹಾದುಹೋಗುವ ದಾರಿಯಲ್ಲೇ ಹುಟ್ಟಿತು ಎಂದು ಅವರಿಗೆ ಗೊತ್ತಿರಲಿ.